ಅಪರಾಧ ರಕ್ತದಲ್ಲಿದೆಯೇ?

‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಹುಡುಗನೊಬ್ಬ ಶಾಲೆಯಲ್ಲಿ ಹೊಡೆದಾಡಿದರೆ, ಯುವಕನೊಬ್ಬ ಕುಡಿದು ಜಗಳಕ್ಕೆ ನಿಂತರೆ, ನಮ್ಮ ನಾಲಗೆಗೆ ಮೊದಲು ಬರುವುದು ಅವನ ಅಪ್ಪನ ಹೆಸರು, ಇಲ್ಲವೇ ಅಜ್ಜನ ಹೆಸರು. ‘ಅದು ಅವರ ರಕ್ತದಲ್ಲೇ ಇದೆ’ ಎಂದು ಹೇಳಿ ಸುಮ್ಮನಾಗುತ್ತೇವೆ. ಹೇಳಿದವರಿಗೆ ಅದು ಒಂದು ಮಾತು. ಕೇಳಿಸಿಕೊಂಡ ಹುಡುಗನಿಗೆ ಅದು ಒಂದು ತೀರ್ಪು.

ಈ ಹಳೆಯ ಮಾತೇ ಈಗ ವಿಜ್ಞಾನದ ಉಡುಪು ತೊಟ್ಟು ದೂರದರ್ಶನದ ಅಪರಾಧ ಧಾರಾವಾಹಿಗಳಲ್ಲಿ ಕಾಣಿಸಿಕೊಳ್ಳುತ್ತಿದೆ. ಆರೋಪಿ ಕೊಲೆ ಮಾಡಿದ್ದಾನೆ, ಅದರಲ್ಲಿ ಸಂಶಯವಿಲ್ಲ. ಆದರೆ ಅವನ ವಕೀಲರು ಎದ್ದು ನಿಂತು, ಕೊಂದವನು ಅವನಲ್ಲ, ಅವನ ವಂಶವಾಹಿ ಎಂದು ವಾದಿಸುತ್ತಾರೆ. ಕಣ್ಣಿನ ಬಣ್ಣವನ್ನು ಆರಿಸಿಕೊಳ್ಳದವನು ತನ್ನ ಕ್ರೌರ್ಯವನ್ನು ಮಾತ್ರ ಆರಿಸಿಕೊಂಡನೆಂದು ಹೇಗೆ ಹೇಳುವಿರಿ ಎಂಬುದು ಅವರ ಪ್ರಶ್ನೆ. ನಮ್ಮ ಮನೆಗಳಲ್ಲಿ ಮಕ್ಕಳೂ ಯುವಜನರೂ ಇಂತಹ ಕಥೆಗಳನ್ನು ಹಿಂದೆ ಕೇಬಲ್ ವಾಹಿನಿಗಳಲ್ಲಿ ನೋಡುತ್ತಿದ್ದರು, ಇಂದು ಕೈಯಲ್ಲಿರುವ ಫೋನಿನಲ್ಲೇ ನೋಡುತ್ತಾರೆ. ಆದುದರಿಂದ ಈ ಪ್ರಶ್ನೆಯನ್ನು ಮನರಂಜನೆಯೆಂದು ತಳ್ಳಿಹಾಕದೆ, ತಾಳ್ಮೆಯಿಂದ ಪರಿಶೀಲಿಸುವುದು ಕಥೋಲಿಕ ಕುಟುಂಬಗಳಿಗೆ ಅಗತ್ಯವಾಗಿದೆ.

ತೆರೆಯ ಮೇಲಿನ ಎರಡು ಮೊಕದ್ದಮೆಗಳು

ಅಮೆರಿಕದಲ್ಲಿ 1990ರಲ್ಲಿ ಆರಂಭವಾದ ‘ಲಾ ಅಂಡ್ ಆರ್ಡರ್’ ಧಾರಾವಾಹಿಯ ಕ್ರಮ ಅನೇಕರಿಗೆ ಗೊತ್ತಿದೆ. ಕಂತಿನ ಮೊದಲ ಭಾಗದಲ್ಲಿ ಪೊಲೀಸರ ತನಿಖೆ, ಎರಡನೆಯ ಭಾಗದಲ್ಲಿ ನ್ಯಾಯಾಲಯದ ವಿಚಾರಣೆ. 1993ರ ನವೆಂಬರ್‌ನಲ್ಲಿ ಪ್ರಸಾರವಾದ ಅದರ ಒಂದು ಕಂತಿನ ಹೆಸರು ‘ಬಾರ್ನ್ ಬ್ಯಾಡ್’, ಅಂದರೆ ಹುಟ್ಟುತ್ತಲೇ ಕೆಟ್ಟವನು. ಅದರಲ್ಲಿ ಇನ್ನೊಬ್ಬ ಹುಡುಗನನ್ನು ಕೊಂದ ಆರೋಪ ಹದಿಹರೆಯದ ಹುಡುಗನೊಬ್ಬನ ಮೇಲಿದೆ. ಅವನ ಜೀವಕೋಶಗಳಲ್ಲಿ ಒಂದು ‘ವೈ’ ವರ್ಣತಂತು ಹೆಚ್ಚಾಗಿದೆ, ಆದುದರಿಂದ ಹಿಂಸೆ ಅವನ ಹುಟ್ಟಿನೊಂದಿಗೇ ಬಂದಿದೆ ಎಂಬುದು ಪ್ರತಿವಾದಿಯ ಪಕ್ಷದ ವಾದ.

ಅದೇ ಮಾಲಿಕೆಯಿಂದ 1999ರಲ್ಲಿ ಹುಟ್ಟಿದ ‘ಸ್ಪೆಷಲ್ ವಿಕ್ಟಿಮ್ಸ್ ಯೂನಿಟ್’ ಧಾರಾವಾಹಿ 2001ರ ನವೆಂಬರ್‌ನಲ್ಲಿ ‘ಇನ್ಹೆರಿಟೆನ್ಸ್’, ಅಂದರೆ ಪಿತ್ರಾರ್ಜಿತ, ಎಂಬ ಕಂತನ್ನು ಪ್ರಸಾರ ಮಾಡಿತು. ಇಲ್ಲಿ ಆರೋಪಿ ಸ್ತ್ರೀಯರ ಮೇಲೆ ಘೋರ ದೌರ್ಜನ್ಯ ಎಸಗಿದವನು. ಅವನು ಸ್ವತಃ ಅತ್ಯಾಚಾರದಿಂದ ಹುಟ್ಟಿದವನು. ತಂದೆಯ ಹಿಂಸೆ ವಂಶವಾಹಿಗಳ ಮೂಲಕ ಮಗನಿಗೆ ಬಂದಿದೆ ಎಂದು ವಾದ ಮಂಡಿತವಾಗುತ್ತದೆ. ಆದರೆ ಈ ಕಂತಿನ ನಿಜವಾದ ತೂಕವಿರುವುದು ಆರೋಪಿಯಲ್ಲಿ ಅಲ್ಲ, ಅವನನ್ನು ಹಿಡಿದ ಪತ್ತೇದಾರಿಣಿ ಒಲಿವಿಯಾ ಬೆನ್ಸನ್ ಎಂಬ ಪಾತ್ರದಲ್ಲಿ. ಆಕೆಯೂ ಅತ್ಯಾಚಾರಕ್ಕೆ ಒಳಗಾದ ತಾಯಿಯ ಮಗಳು. ಆರೋಪಿಯ ಪರವಾಗಿ ಹೇಳಲಾಗುವ ಪ್ರತಿಯೊಂದು ಮಾತೂ ಆಕೆಗೆ ತನ್ನ ವಿಷಯದಲ್ಲೇ ಹೇಳಿದಂತೆ ಕೇಳಿಸುತ್ತದೆ. ತಂದೆಯ ಪಾತಕ ಅವನ ರಕ್ತದಲ್ಲಿದ್ದರೆ, ತನ್ನ ರಕ್ತದಲ್ಲಿ ಇರುವುದೇನು?

ಬರೆದವರು ಇದನ್ನು ಉದ್ದೇಶಿಸಿದ್ದರೋ ಇಲ್ಲವೋ, ಇಡೀ ವಿವಾದದ ತಿರುಳು ಇಲ್ಲಿದೆ. ಆರೋಪಿಯನ್ನು ಬಿಡಿಸಲು ಬಳಸಿದ ವಾದವೇ ನಿರಪರಾಧಿಯೊಬ್ಬಳನ್ನು ಸಂಶಯದ ಕಟಕಟೆಯಲ್ಲಿ ನಿಲ್ಲಿಸುತ್ತದೆ. ‘ರಕ್ತ ಅಪರಾಧ ಮಾಡಿಸುತ್ತದೆ’ ಎಂಬ ಒಂದೇ ವಾಕ್ಯ ಒಬ್ಬನಿಗೆ ವಿನಾಯಿತಿ, ಇನ್ನೊಬ್ಬರಿಗೆ ಕಳಂಕ. ಈ ಎರಡನ್ನೂ ಬೇರ್ಪಡಿಸಲು ಸಾಧ್ಯವಿಲ್ಲ. ಮೊದಲು, ವಿಜ್ಞಾನ ನಿಜವಾಗಿ ಏನು ಹೇಳಿದೆ ಎಂಬುದನ್ನು ನೋಡೋಣ.

ಹೆಚ್ಚುವರಿ ವರ್ಣತಂತುವಿನ ಕಥೆ

ಪುರುಷನ ಜೀವಕೋಶದಲ್ಲಿ ಸಾಮಾನ್ಯವಾಗಿ ಒಂದು ‘ಎಕ್ಸ್’, ಒಂದು ‘ವೈ’ ವರ್ಣತಂತುಗಳಿರುತ್ತವೆ. ಸಾವಿರ ಪುರುಷರಲ್ಲಿ ಸುಮಾರು ಒಬ್ಬನಿಗೆ ಎರಡು ‘ವೈ’ಗಳಿರುತ್ತವೆ. 1965ರಲ್ಲಿ ಪೆಟ್ರೀಷಿಯಾ ಜೇಕಬ್ಸ್ ಮತ್ತು ಅವರ ಸಹೋದ್ಯೋಗಿಗಳು ಸ್ಕಾಟ್ಲೆಂಡಿನ ಕಾರ್‌ಸ್ಟೇರ್ಸ್ ಎಂಬಲ್ಲಿ, ಅಪಾಯಕಾರಿಗಳೆಂದು ಪರಿಗಣಿತರಾದ ಮಾನಸಿಕ ರೋಗಿಗಳನ್ನು ಇರಿಸಿದ್ದ ಆಸ್ಪತ್ರೆಯಲ್ಲಿ 197 ಪುರುಷರನ್ನು ಪರೀಕ್ಷಿಸಿದಾಗ 7 ಮಂದಿಯಲ್ಲಿ ಈ ಸ್ಥಿತಿ ಕಂಡುಬಂತು. ನಿರೀಕ್ಷೆಗಿಂತ ಇದು ಬಹಳ ಹೆಚ್ಚು. ಸುದ್ದಿ ಹಬ್ಬಲು ತಡವಾಗಲಿಲ್ಲ. 1966ರಲ್ಲಿ ಷಿಕಾಗೋ ನಗರದಲ್ಲಿ ಎಂಟು ಮಂದಿ ದಾದಿ ವಿದ್ಯಾರ್ಥಿನಿಯರನ್ನು ಕೊಂದ ರಿಚರ್ಡ್ ಸ್ಪೆಕ್‌ಗೂ ಎರಡು ‘ವೈ’ಗಳಿವೆ ಎಂದು ಪತ್ರಿಕೆಗಳು ಬರೆದವು. ಪರೀಕ್ಷೆ ನಡೆದಾಗ ಅವನ ವರ್ಣತಂತುಗಳು ಎಲ್ಲ ಪುರುಷರಂತೆ ಸಹಜವಾಗಿದ್ದವು. ಆದರೂ ಸುಳ್ಳು ಸುದ್ದಿ ವರ್ಷಗಟ್ಟಲೆ ಉಳಿದುಕೊಂಡಿತು.

ಆಸ್ಪತ್ರೆಯಲ್ಲೂ ಸೆರೆಮನೆಯಲ್ಲೂ ಇರುವವರನ್ನು ಮಾತ್ರ ಎಣಿಸಿದರೆ ಸತ್ಯ ಪೂರ್ಣವಾಗಿ ತಿಳಿಯದು. ಹೊರಗೆ ನೆಮ್ಮದಿಯಾಗಿ ಬದುಕುವವರನ್ನೂ ಎಣಿಸಬೇಕು. ಆ ಕೆಲಸ ಡೆನ್ಮಾರ್ಕಿನಲ್ಲಿ ನಡೆದು 1976ರಲ್ಲಿ ಪ್ರಕಟವಾಯಿತು. ನಾಲ್ಕು ಸಾವಿರಕ್ಕೂ ಹೆಚ್ಚು ಎತ್ತರದ ಪುರುಷರನ್ನು ಪರೀಕ್ಷಿಸಿದಾಗ ಎರಡು ‘ವೈ’ ಉಳ್ಳವರು 12 ಮಂದಿ ಸಿಕ್ಕಿದರು. ಅವರಲ್ಲಿ 5 ಮಂದಿಗೆ ಒಂದಿಲ್ಲೊಂದು ಅಪರಾಧಕ್ಕಾಗಿ ಶಿಕ್ಷೆಯಾಗಿತ್ತು ಎಂಬುದು ನಿಜ. ಆದರೆ ಅವರು ವಿಶೇಷವಾಗಿ ಹಿಂಸಾಪ್ರವೃತ್ತಿಯವರು ಎನ್ನಲು ಆಧಾರ ಸಿಗಲಿಲ್ಲ. ‘ಬಾರ್ನ್ ಬ್ಯಾಡ್’ ಕಂತು ತೆರೆಗೆ ಬಂದದ್ದು ಇದಾದ ಹದಿನೇಳು ವರ್ಷಗಳ ಬಳಿಕ. ವಿಜ್ಞಾನ ಬಹುಮಟ್ಟಿಗೆ ಕೈಬಿಟ್ಟಿದ್ದ ವಾದವನ್ನು ಕಥೆ ಎತ್ತಿಕೊಂಡಿತ್ತು.

ಒಂದು ಡಚ್ ಕುಟುಂಬ ಮತ್ತು ನಂತರದ ಮೊಕದ್ದಮೆಗಳು

ಅದೇ 1993ರ ಅಕ್ಟೋಬರ್‌ನಲ್ಲಿ ಇನ್ನೊಂದು ಸಂಶೋಧನೆ ಬೆಳಕಿಗೆ ಬಂತು. ಹಾಲೆಂಡಿನ ಹಾನ್ ಬ್ರೂನರ್ ಮತ್ತು ಸಂಗಡಿಗರು ಒಂದು ಕುಟುಂಬದ ಹಲವು ಪುರುಷರಲ್ಲಿ ಮಂದಬುದ್ಧಿಯನ್ನೂ ಹಠಾತ್ ಸಿಟ್ಟಿನ ವರ್ತನೆಯನ್ನೂ ಗುರುತಿಸಿದರು. ಅವರಲ್ಲಿ ಬೆಂಕಿ ಹಚ್ಚಿದವರಿದ್ದರು, ಅತ್ಯಾಚಾರಕ್ಕೆ ಯತ್ನಿಸಿದವರಿದ್ದರು. ಮಿದುಳಿನ ಕೆಲವು ರಾಸಾಯನಿಕಗಳನ್ನು ಒಡೆಯುವ ಮೊನೊಅಮೀನ್ ಆಕ್ಸಿಡೇಸ್ ಎಂಬ ಕಿಣ್ವವನ್ನು ತಯಾರಿಸುವ ವಂಶವಾಹಿ ಈ ಪುರುಷರಲ್ಲಿ ಕೆಟ್ಟುಹೋಗಿತ್ತು. ಇದು ಅತ್ಯಂತ ಅಪರೂಪದ ದೋಷ. ಆದರೆ ಲೋಕ ಇದನ್ನು ‘ಆಕ್ರಮಣದ ವಂಶವಾಹಿ’ ಎಂದು ಕರೆಯಿತು. ನಡತೆಯನ್ನು ನೇರವಾಗಿ ಬರೆದಿಡುವ ವಂಶವಾಹಿಯೊಂದು ಇದೆಯೆಂಬ ಕಲ್ಪನೆಯೇ ಸರಿಯಲ್ಲವೆಂದು ಬ್ರೂನರ್ ಅವರೇ ಎಚ್ಚರಿಸಬೇಕಾಯಿತು.

ಎಚ್ಚರಿಕೆಗಿಂತ ಹೆಸರು ವೇಗವಾಗಿ ಹರಡಿತು. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ 1991ರಲ್ಲಿ ಸ್ಟೀಫನ್ ಮಾಬ್ಲಿ ಎಂಬವನು ಪಿಜ್ಜಾ ಅಂಗಡಿಯೊಂದನ್ನು ದೋಚುವಾಗ ಅದರ ವ್ಯವಸ್ಥಾಪಕನನ್ನು ಗುಂಡಿಟ್ಟು ಕೊಂದಿದ್ದನು. ಅವನ ವಕೀಲರು ಡಚ್ ಕುಟುಂಬದ ಸಂಶೋಧನೆಯನ್ನು ಮುಂದಿಟ್ಟು, ಮಾಬ್ಲಿಯ ವಂಶವಾಹಿಯನ್ನು ಪರೀಕ್ಷಿಸಲು ಹಣ ಕೊಡಬೇಕೆಂದು ನ್ಯಾಯಾಲಯವನ್ನು ಕೇಳಿದರು. ಕುಟುಂಬದ ನಾಲ್ಕು ತಲೆಮಾರುಗಳಲ್ಲಿ ಉಗ್ರಸ್ವಭಾವದ ಪುರುಷರಿದ್ದರು ಎಂಬುದು ಅವರ ಆಧಾರ. ಆದರೆ ಅದೇ ಕುಟುಂಬದಲ್ಲಿ ಯಶಸ್ವಿ ವ್ಯಾಪಾರಿಗಳೂ ಇದ್ದರು. ನ್ಯಾಯಾಲಯ ಬೇಡಿಕೆಯನ್ನು ನಿರಾಕರಿಸಿತು. 1995ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. 2005ರ ಮಾರ್ಚ್ 1ರಂದು ಮಾಬ್ಲಿಗೆ ಮರಣದಂಡನೆಯಾಯಿತು.

ನಂತರ ಕೆಲವು ನ್ಯಾಯಾಲಯಗಳು ಈ ವಾದಕ್ಕೆ ಸ್ವಲ್ಪ ಕಿವಿಗೊಟ್ಟಿವೆ. 2009ರಲ್ಲಿ ಇಟಲಿಯ ತ್ರಿಯೆಸ್ತೆ ನಗರದ ಮೇಲ್ಮನವಿ ನ್ಯಾಯಾಲಯ ಕೊಲೆಗಾರನೊಬ್ಬನ ಶಿಕ್ಷೆಯನ್ನು ವಂಶವಾಹಿ ಪರೀಕ್ಷೆಯ ವರದಿಯನ್ನೂ ಗಮನಿಸಿ ಒಂದು ವರ್ಷ ಕಡಿಮೆ ಮಾಡಿತು. ಅದೇ ವರ್ಷ ಅಮೆರಿಕದ ಟೆನೆಸ್ಸಿ ರಾಜ್ಯದಲ್ಲಿ, ಒಬ್ಬಳು ಸ್ತ್ರೀಯನ್ನು ಕೊಂದು ತನ್ನ ಹೆಂಡತಿಯನ್ನೂ ಕೊಲ್ಲಲೆತ್ನಿಸಿದವನೊಬ್ಬನಿಗೆ ಮರಣದಂಡನೆ ತಪ್ಪಿ 32 ವರ್ಷಗಳ ಸೆರೆವಾಸವಾಯಿತು. ಅವನ ವಂಶವಾಹಿಯ ಜೊತೆಗೆ, ಬಾಲ್ಯದಲ್ಲಿ ಅವನು ಅನುಭವಿಸಿದ ಹಿಂಸೆಯನ್ನೂ ವಕೀಲರು ಪಂಚರ ಮುಂದೆ ಇಟ್ಟಿದ್ದರು. ಗಮನಿಸಿರಿ, ಎರಡೂ ಕಡೆ ಸಿಕ್ಕಿದ್ದು ರಿಯಾಯಿತಿ ಮಾತ್ರ. ‘ನೀನು ಹೊಣೆಯಲ್ಲ, ಮನೆಗೆ ಹೋಗು’ ಎಂದು ಯಾವ ನ್ಯಾಯಾಧೀಶರೂ ಹೇಳಲಿಲ್ಲ.

ಈ ಮೊಕದ್ದಮೆಗಳಲ್ಲಿ ಮಾತಾಡಲಾದ ಲಕ್ಷಣ ಡಚ್ ಕುಟುಂಬದ ಅಪರೂಪದ ದೋಷವಲ್ಲ ಎಂಬುದನ್ನೂ ನೆನಪಿಡಬೇಕು. ಅದು ಕಿಣ್ವವನ್ನು ಕಡಿಮೆ ಪ್ರಮಾಣದಲ್ಲಿ ತಯಾರಿಸುವ ಸಾಮಾನ್ಯ ರೂಪ. ಪಾಶ್ಚಾತ್ಯ ದೇಶಗಳ ಪುರುಷರಲ್ಲಿ ಸುಮಾರು ಮೂರರಲ್ಲಿ ಒಬ್ಬನಿಗೆ ಅದು ಇದೆ. ಮೂರರಲ್ಲಿ ಒಬ್ಬ ಕೊಲೆಗಾರನಾಗಿದ್ದರೆ ಆ ದೇಶಗಳಲ್ಲಿ ಬೀದಿಗಿಳಿಯಲು ಸಾಧ್ಯವಿತ್ತೇ?

ಒಲವು ಬೇರೆ, ಒಪ್ಪಿಗೆ ಬೇರೆ

ಹಾಗಾದರೆ ಹುಟ್ಟಿನೊಂದಿಗೆ ಬಂದ ಸ್ವಭಾವಕ್ಕೆ ಯಾವ ಪ್ರಭಾವವೂ ಇಲ್ಲವೇ? ಹಾಗೆ ಹೇಳುವುದು ಅಜ್ಞಾನ. ಒಂದೇ ಮನೆಯಲ್ಲಿ ಬೆಳೆದ ಇಬ್ಬರು ಮಕ್ಕಳಲ್ಲಿ ಒಬ್ಬನು ಮುಂಗೋಪಿ, ಇನ್ನೊಬ್ಬನು ಶಾಂತ. ಮುಂಗೋಪಿಗೆ ತಾಳ್ಮೆ ಕಷ್ಟದ ಸಾಧನೆ. ಶಾಂತಸ್ವಭಾವದವನಿಗೆ ಅದು ಬಹುಪಾಲು ಉಡುಗೊರೆ. ಕಥೋಲಿಕ ಧರ್ಮಸಭೆ ಈ ವ್ಯತ್ಯಾಸವನ್ನು ಎಂದೂ ಅಲ್ಲಗಳೆದಿಲ್ಲ. ಬದಲಾಗಿ, ಒಲವಿಗೂ ಒಪ್ಪಿಗೆಗೂ ನಡುವೆ ಒಂದು ಗೆರೆ ಎಳೆಯಲು ಅದು ನಮಗೆ ಕಲಿಸಿದೆ.

1546ರಲ್ಲಿ ತ್ರೆಂತ್ ಮಹಾಸಭೆ ಜನ್ಮಪಾಪದ ಕುರಿತು ಬೋಧಿಸುವಾಗ, ದೀಕ್ಷಾಸ್ನಾನ ಹೊಂದಿದವರಲ್ಲೂ ಕೆಡುಕಿನ ಕಡೆಗಿನ ಸೆಳೆತ ಉಳಿದಿರುತ್ತದೆ ಎಂದು ಒಪ್ಪಿಕೊಂಡಿತು. ಆದರೆ ಆ ಸೆಳೆತವೇ ಪಾಪವಲ್ಲ, ಅದಕ್ಕೆ ಮನಸ್ಸು ಒಪ್ಪಿಗೆ ಕೊಟ್ಟಾಗ ಮಾತ್ರ ಪಾಪ ಎಂದು ಸ್ಪಷ್ಟಪಡಿಸಿತು. ವಂಶವಾಹಿಗಳ ಹೆಸರು ಕೂಡ ತಿಳಿಯದ ಕಾಲದ ಮಾತಿದು. ಆದರೂ ಇಂದಿನ ವಿವಾದಕ್ಕೆ ಬೇಕಾದ ಕೀಲಿಕೈ ಇದರಲ್ಲಿದೆ. ಹುಟ್ಟಿನೊಂದಿಗೆ ಬಂದದ್ದು ಒಲವಾಗಬಹುದು; ಒಪ್ಪಿಗೆಯನ್ನು ಯಾರೂ ತಂದೆಯಿಂದ ಪಡೆಯುವುದಿಲ್ಲ.

ಇದಕ್ಕಿಂತ ಮೂರು ಶತಮಾನಗಳ ಹಿಂದೆ ಸಂತ ತೋಮಸ್ ಅಕ್ವಿನಾಸರು ಇದಕ್ಕೆ ಬಹಳ ಹತ್ತಿರವಾದ ಪ್ರಶ್ನೆಯನ್ನೇ ಚರ್ಚಿಸಿದ್ದರು. ಅವರ ಕಾಲದ ಜನ ವಂಶವಾಹಿಯ ಬದಲು ಗ್ರಹ ನಕ್ಷತ್ರಗಳನ್ನು ದೂರುತ್ತಿದ್ದರು; ಇಂದಿಗೂ ದೂರುವವರು ನಮ್ಮ ನಡುವೆ ಇಲ್ಲದಿಲ್ಲ. ಆಕಾಶಕಾಯಗಳು ಮನುಷ್ಯನ ಕೃತ್ಯಗಳಿಗೆ ಕಾರಣವೇ ಎಂಬುದು ಪ್ರಶ್ನೆ. ಸಂತರ ಉತ್ತರ ಆಶ್ಚರ್ಯ ಹುಟ್ಟಿಸುವಷ್ಟು ಸಮತೋಲನದ್ದು. ಅವು ದೇಹದ ಮೇಲೆ ಪ್ರಭಾವ ಬೀರಬಹುದು, ದೇಹದ ಮೂಲಕ ಭಾವೋದ್ವೇಗಗಳನ್ನು ಕೆರಳಿಸಬಹುದು; ಬಹುಮಂದಿ ತಮ್ಮ ಉದ್ವೇಗಗಳ ಬೆನ್ನು ಹಿಡಿಯುವುದರಿಂದ ಜೋಯಿಸರ ಮಾತು ಹಲವು ಸಲ ನಿಜವೂ ಆಗಬಹುದು. ಆದರೆ ಬುದ್ಧಿಯ ಬೆಳಕಿನಲ್ಲಿ ನಡೆಯುವ ಇಚ್ಛೆಯನ್ನು ಅವು ಬಲವಂತಪಡಿಸಲಾರವು. ಉದ್ವೇಗವನ್ನು ತಡೆದು ನಿಲ್ಲುವ ಶಕ್ತಿ ಮನುಷ್ಯನಿಗಿದೆ. ನಕ್ಷತ್ರ ಎಂಬಲ್ಲಿ ವಂಶವಾಹಿ ಎಂದು ಓದಿಕೊಂಡರೆ ಈ ಉತ್ತರದಲ್ಲಿ ಬದಲಿಸಬೇಕಾದುದು ಹೆಚ್ಚೇನೂ ಇಲ್ಲ. ಅಂಕಿಅಂಶ ಜನಸಮೂಹದ ವಿಷಯದಲ್ಲಿ ನಿಜ ಹೇಳುತ್ತದೆ. ಒಬ್ಬ ವ್ಯಕ್ತಿ ನಾಳೆ ಬೆಳಿಗ್ಗೆ ಏನು ಮಾಡುವನೆಂದು ಅದು ಆಜ್ಞಾಪಿಸಲಾರದು.

ಒಂದು ಸರಳ ಉದಾಹರಣೆ ನೋಡಿರಿ. ಹಿಂಸಾತ್ಮಕ ಅಪರಾಧಗಳಲ್ಲಿ ಬಹುಪಾಲನ್ನು ಎಲ್ಲ ದೇಶಗಳಲ್ಲೂ ಮಾಡುವವರು ಪುರುಷರು. ಆದುದರಿಂದ ಹಿಂಸೆಯೊಂದಿಗೆ ಅತ್ಯಂತ ಗಟ್ಟಿಯಾದ ಸಂಬಂಧವುಳ್ಳ ವಂಶಲಕ್ಷಣ ಯಾವುದೆಂದು ಕೇಳಿದರೆ, ಅದು ಪ್ರತಿಯೊಬ್ಬ ಗಂಡಸಿನಲ್ಲೂ ಇರುವ ಮಾಮೂಲಿ ‘ವೈ’ ವರ್ಣತಂತುವೇ. ‘ನಾನು ಗಂಡಸು, ಆದುದರಿಂದ ನನ್ನನ್ನು ಬಿಟ್ಟುಬಿಡಿ’ ಎಂದು ಕೊಲೆಗಾರನೊಬ್ಬ ಬೇಡಿದರೆ ನಾವು ನಗುತ್ತೇವೆ. ಅಪರೂಪದ ಹೆಸರಿನ ವಂಶವಾಹಿಯನ್ನು ಹೇಳಿದರೆ ಗಂಭೀರರಾಗುತ್ತೇವೆ. ಹೆಸರು ಅಪರಿಚಿತವಾದ ಮಾತ್ರಕ್ಕೆ ವಾದ ಬಲವಾಗುವುದಿಲ್ಲ.

ಹಾಗೆಂದು ಹೊಣೆಗಾರಿಕೆ ಎಲ್ಲರಿಗೂ ಒಂದೇ ಅಳತೆಯದಲ್ಲ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 1735ನೆಯ ಪರಿಚ್ಛೇದ ಇದನ್ನು ತಿಳಿಯಾಗಿ ಬೋಧಿಸುತ್ತದೆ. ಅಜ್ಞಾನ, ಬಲವಂತ, ಭಯ, ಬೇರೂರಿದ ಅಭ್ಯಾಸ, ಮಾನಸಿಕ ಹಾಗೂ ಸಾಮಾಜಿಕ ಕಾರಣಗಳು ಒಬ್ಬನ ಹೊಣೆಯನ್ನು ಕಡಿಮೆ ಮಾಡಬಹುದು, ಕೆಲವೊಮ್ಮೆ ಇಲ್ಲವಾಗಿಸಲೂ ಬಹುದು. ನಮ್ಮ ದೇಶದ ಕಾನೂನೂ ಇದೇ ದಾರಿಯಲ್ಲಿದೆ. ಹಿಂದಿನ ದಂಡಸಂಹಿತೆಯ 84ನೆಯ ಕಲಮು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 22ನೆಯ ಕಲಮು, ಎರಡೂ ಕೇಳುವ ಪ್ರಶ್ನೆ ಒಂದೇ: ಮಾನಸಿಕ ಅಸ್ವಸ್ಥತೆಯ ಕಾರಣ ತಾನು ಮಾಡುತ್ತಿರುವುದೇನೆಂದಾಗಲಿ, ಅದು ತಪ್ಪೆಂದಾಗಲಿ ತಿಳಿಯಲು ಆ ಮನುಷ್ಯ ಆ ಸಮಯದಲ್ಲಿ ಅಸಮರ್ಥನಾಗಿದ್ದನೇ? ಅವನ ಅಜ್ಜ ಯಾರೆಂದು ಕಾನೂನು ಕೇಳುವುದಿಲ್ಲ.

ವಿನಾಯಿತಿಯ ಮರುಮುಖ

ಇಷ್ಟಕ್ಕೂ ಒಬ್ಬ ಆರೋಪಿಗೆ ಕರುಣೆ ತೋರಿಸಲು ರಕ್ತದ ಕಾರಣ ಹೇಳಿದರೆ ತಪ್ಪೇನು ಎಂದು ಕೇಳಬಹುದು. ಅದರ ಬೆಲೆ ತೆರುವವರು ಯಾರೆಂದು ಇತಿಹಾಸ ತೋರಿಸಿದೆ.

1927ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಮುಂದೆ ಕ್ಯಾರಿ ಬಕ್ ಎಂಬ ಯುವತಿಯ ಮೊಕದ್ದಮೆ ಬಂತು. ಆಕೆ ಮಂದಬುದ್ಧಿಯವಳು, ಆಕೆಯ ತಾಯಿಯೂ ಹಾಗೆಯೇ, ಹುಟ್ಟಿದ ಹಸುಗೂಸೂ ಹಾಗೆಯೇ ಎಂದು ವರ್ಜೀನಿಯಾ ರಾಜ್ಯ ವಾದಿಸಿ, ಆಕೆಗೆ ಬಲವಂತದ ಸಂತಾನಹರಣ ಶಸ್ತ್ರಕ್ರಿಯೆ ಮಾಡಿಸಲು ಅನುಮತಿ ಪಡೆಯಿತು. ಎಂಟು ನ್ಯಾಯಾಧೀಶರು ಒಪ್ಪಿದರು. ಭಿನ್ನಮತ ಸೂಚಿಸಿದವರು ಒಬ್ಬರೇ, ಪಿಯರ್ಸ್ ಬಟ್ಲರ್; ಅವರು ಕಥೋಲಿಕರು. ಕ್ಯಾರಿ ಗರ್ಭಿಣಿಯಾದದ್ದು ಅತ್ಯಾಚಾರದಿಂದ ಎಂಬುದೂ, ಆಕೆಯ ಮಗಳು ಶಾಲೆಯಲ್ಲಿ ಚೆನ್ನಾಗಿಯೇ ಓದುತ್ತಿದ್ದಳೆಂಬುದೂ ಅನಂತರ ತಿಳಿದುಬಂತು. ಆ ಮಗು ಎಂಟನೆಯ ವಯಸ್ಸಿನಲ್ಲಿ ಕಾಯಿಲೆಯಿಂದ ತೀರಿಕೊಂಡಿತು. ಅಮೆರಿಕದಲ್ಲಿ ಇಂತಹ ಕಾನೂನುಗಳ ಅಡಿಯಲ್ಲಿ 60 ಸಾವಿರಕ್ಕೂ ಹೆಚ್ಚು ಜನರಿಗೆ ಈ ಶಸ್ತ್ರಕ್ರಿಯೆ ನಡೆಯಿತು. 1930ರ ಡಿಸೆಂಬರ್ 31ರಂದು ಜಗದ್ಗುರು ಹನ್ನೊಂದನೆಯ ಭಕ್ತಿನಾಥರು (ಪೋಪ್ ಹನ್ನೊಂದನೆಯ ಪಿಯುಸ್) ‘ಕಾಸ್ತಿ ಕೊನ್ನುಬಿಯಿ’ ಎಂಬ ವಿಶ್ವಪತ್ರದಲ್ಲಿ, ಅಪರಾಧ ಮಾಡದ ಪ್ರಜೆಗಳ ದೇಹದ ಮೇಲೆ ಸರಕಾರಕ್ಕೆ ಇಂತಹ ಅಧಿಕಾರವಿಲ್ಲವೆಂದು ಖಂಡಿಸಿದರು.

ನಮ್ಮ ನೆಲದಲ್ಲೂ ಇದರ ಗಾಯವಿದೆ. ಬ್ರಿಟಿಷ್ ಸರಕಾರ 1871ರಲ್ಲಿ ತಂದ ಕ್ರಿಮಿನಲ್ ಟ್ರೈಬ್ಸ್ ಕಾಯಿದೆ ಕೆಲವು ಸಮುದಾಯಗಳನ್ನೇ ಹುಟ್ಟಾ ಅಪರಾಧಿಗಳೆಂದು ಸಾರಿತು. 1911ರಲ್ಲಿ ಅದನ್ನು ಬ್ರಿಟಿಷ್ ಭಾರತಕ್ಕೆಲ್ಲ ವಿಸ್ತರಿಸಲಾಯಿತು. ಹುಬ್ಬಳ್ಳಿಯಲ್ಲಿಯೂ ಅಂತಹವರನ್ನು ಕಾವಲಿನಲ್ಲಿ ಇರಿಸಿದ ವಸಾಹತು ಇತ್ತು. ತೊಟ್ಟಿಲಿನ ಕೂಸೂ ಸಂಶಯಿತನೇ. 1952ರ ಆಗಸ್ಟ್ 31ರಂದು ಸ್ವತಂತ್ರ ಭಾರತ ಈ ಹಣೆಪಟ್ಟಿಯನ್ನು ಕಿತ್ತುಹಾಕಿತು. ಆದರೂ ಊರಿನಲ್ಲಿ ಕಳವಾದಾಗ ಮೊದಲು ಆ ಸಮುದಾಯಗಳ ಕಡೆ ತಿರುಗುವ ಕಣ್ಣುಗಳನ್ನು ಕಾಯಿದೆಯಿಂದ ಬದಲಿಸಲಾಗಲಿಲ್ಲ. ‘ರಕ್ತವೇ ಕಾರಣ’ ಎಂಬ ಮಾತು ಧಾರಾವಾಹಿಯಲ್ಲಿ ಒಬ್ಬ ಆರೋಪಿಗೆ ಗುರಾಣಿಯಾಗಿ ಕಾಣಿಸಬಹುದು. ಸಮಾಜದ ಕೈಯಲ್ಲಿ ಅದು ಬೇಗನೆ ಕತ್ತಿಯಾಗುತ್ತದೆ.

ಆರೋಪಿಗೂ ಅದು ಕೊನೆಗೆ ಉಪಕಾರ ಮಾಡುವುದಿಲ್ಲ. ಒಬ್ಬನು ತನ್ನ ರಕ್ತದಿಂದಲೇ ಕೊಲ್ಲುತ್ತಾನೆ ಎಂದರೆ, ಅವನು ಮತ್ತೆ ಕೊಲ್ಲುತ್ತಾನೆ ಎಂದೇ ಅರ್ಥ. ಅಂಥವನನ್ನು ತಿದ್ದುವ ಮಾತೇಕೆ, ಕೂಡಿಹಾಕುವುದೇ ಲೇಸು ಎಂದು ಯಾರಾದರೂ ಹೇಳಬಹುದು. 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಮೆರಿಕದ 181 ನ್ಯಾಯಾಧೀಶರಿಗೆ ಒಂದು ಕಾಲ್ಪನಿಕ ಮೊಕದ್ದಮೆಯನ್ನು ಕೊಡಲಾಯಿತು. ಆರೋಪಿಯ ಮನೋವಿಕಾರಕ್ಕೆ ಜೈವಿಕ ಕಾರಣದ ವಿವರಣೆ ಸೇರಿಸಿದಾಗ ಅವರು ವಿಧಿಸಿದ ಸರಾಸರಿ ಶಿಕ್ಷೆ ಸುಮಾರು 14 ವರ್ಷಗಳಿಂದ 13 ವರ್ಷಗಳ ಆಸುಪಾಸಿಗೆ ಇಳಿಯಿತು. ಜೊತೆಗೆ, ಬಹುಮಂದಿ ನ್ಯಾಯಾಧೀಶರು ಆ ಮನೋವಿಕಾರವನ್ನು ಅಪಾಯದ ಗುರುತಾಗಿಯೂ ಕಂಡರು.

ಮನೆಯ ಪಾಲು

ಈ ವಿಷಯದಲ್ಲಿ ತಂದೆತಾಯಂದಿರು ತಿಳಿಯಬೇಕಾದ ಅತಿ ಮುಖ್ಯ ಸಂಶೋಧನೆ ನ್ಯೂಜಿಲೆಂಡಿನದು. ಡ್ಯುನೆಡಿನ್ ನಗರದಲ್ಲಿ 1972-73ರಲ್ಲಿ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಸಂಶೋಧಕರು ವರ್ಷಗಟ್ಟಲೆ ಗಮನಿಸುತ್ತ ಬಂದರು. ಅವರಲ್ಲಿ 442 ಗಂಡುಮಕ್ಕಳ ವಂಶವಾಹಿಯನ್ನೂ ಬಾಲ್ಯವನ್ನೂ ತುಲನೆ ಮಾಡಿದ ವರದಿ 2002ರಲ್ಲಿ ಪ್ರಕಟವಾಯಿತು. ಕಡಿಮೆ ಕಿಣ್ವದ ವಂಶವಾಹಿ ಇದ್ದ ಮಾತ್ರಕ್ಕೆ ಹುಡುಗ ಹಿಂಸಾಚಾರಿಯಾಗಲಿಲ್ಲ. ಆ ವಂಶವಾಹಿಯೊಂದಿಗೆ ಬಾಲ್ಯದಲ್ಲಿ ಹೊಡೆತ, ತಿರಸ್ಕಾರ, ದೌರ್ಜನ್ಯಗಳೂ ಸೇರಿದಾಗ ಚಿತ್ರ ಬದಲಾಯಿತು. ಎರಡೂ ಕೂಡಿದ ಹುಡುಗರು ಗುಂಪಿನಲ್ಲಿ ನೂರಕ್ಕೆ 12 ಮಂದಿ ಮಾತ್ರ. ಆದರೆ ಹಿಂಸಾಪರಾಧಗಳಿಗಾಗಿ ಆ ಗುಂಪಿಗೆ ಆದ ಶಿಕ್ಷೆಗಳಲ್ಲಿ ನೂರಕ್ಕೆ 44 ಅವರ ಪಾಲಿನವು. ನಂತರದ ಅಧ್ಯಯನಗಳಲ್ಲಿ ಕೆಲವು ಇದನ್ನು ಸಮರ್ಥಿಸಿದವು, ಕೆಲವಕ್ಕೆ ಇದು ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ಆದರೆ ಹಿಂಸೆಗೆ ಒಳಗಾದ ಬಾಲ್ಯ ಕೆಡುಕಿಗೆ ದಾರಿ ಮಾಡುತ್ತದೆ ಎಂಬುದನ್ನು ಯಾರೂ ಅಲ್ಲಗಳೆದಿಲ್ಲ.

ಇದರ ಅರ್ಥವೇನು? ರಕ್ತವನ್ನು ದೂರಲು ಹೊರಟ ವಿಜ್ಞಾನ ನಮ್ಮ ಮನೆಯ ಬಾಗಿಲಿಗೆ ಬಂದು ನಿಂತಿದೆ. ಮಗುವಿಗೆ ನಾವು ಕೊಡುವ ವಂಶವಾಹಿ ನಮ್ಮ ಆಯ್ಕೆಯಲ್ಲ. ಮಗುವಿನ ಮೇಲೆ ಎತ್ತುವ ಕೈ ನಮ್ಮ ಆಯ್ಕೆ. ಕುಡಿದು ಬಂದು ಹೆಂಡತಿಯನ್ನು ಹೊಡೆಯುವ ತಂದೆ, ‘ನನ್ನ ಮಗ ನನ್ನಂತೆಯೇ ಆದ, ರಕ್ತಗುಣ’ ಎಂದು ಹೇಳಿದರೆ, ಆ ಮಗ ತಂದೆಯಿಂದ ಪಡೆದದ್ದು ರಕ್ತವನ್ನು ಮಾತ್ರವಲ್ಲ, ಹತ್ತು ಹದಿನೈದು ವರ್ಷಗಳ ಪಾಠವನ್ನೂ ಎಂದು ನಾವು ಉತ್ತರಿಸಬೇಕಾಗುತ್ತದೆ.

ಇನ್ನೊಂದು ಮಾತು. ನಮ್ಮ ಧರ್ಮಕೇಂದ್ರಗಳಲ್ಲಿ ದತ್ತು ಮಕ್ಕಳಿದ್ದಾರೆ; ತಂದೆ ಸೆರೆಮನೆಯಲ್ಲಿರುವ ಮಕ್ಕಳಿದ್ದಾರೆ; ತಾಯಿಯ ಕಣ್ಣೀರಿನ ಕಥೆಯನ್ನು ಹೊತ್ತು ಹುಟ್ಟಿದ ಮಕ್ಕಳೂ ಇದ್ದಾರೆ. ಜೀವದ ಪಾವಿತ್ರ್ಯವನ್ನು ಸಾರುವ ನಾವು, ಅತ್ಯಾಚಾರದಿಂದ ಗರ್ಭದಲ್ಲಿ ಮೂಡಿದ ಶಿಶುವೂ ನಿರ್ದೋಷಿ ಎಂದು ಹೇಳುತ್ತೇವೆ. ಆ ಶಿಶು ಹುಟ್ಟಿ ಬೆಳೆದು ಶಾಲೆಗೆ ಬಂದಾಗ, ಮದುವೆಯ ಮಾತುಕತೆಗೆ ಬಂದಾಗ, ‘ಮೂಲ ಯಾವುದೋ’ ಎಂದು ಪಿಸುಗುಟ್ಟಿದರೆ ನಮ್ಮ ಸಾರುವಿಕೆಗೆ ಬೆಲೆಯೆಲ್ಲಿ? ಒಲಿವಿಯಾ ಬೆನ್ಸನ್ ಒಂದು ಕಲ್ಪಿತ ಪಾತ್ರ. ಆದರೆ ಆಕೆಯ ಪ್ರಶ್ನೆಯನ್ನು ಮೌನವಾಗಿ ಹೊತ್ತು ಬಲಿಪೂಜೆಗೆ ಬರುವ ನಿಜವಾದ ಮಕ್ಕಳು ನಮ್ಮ ಪಕ್ಕದ ಬೆಂಚಿನಲ್ಲಿ ಇರಬಹುದು.

ಪವಿತ್ರ ಗ್ರಂಥದ ಉತ್ತರ

ತಂದೆಯರ ತಪ್ಪಿಗೆ ಮಕ್ಕಳು ಬಾಧೆಪಡುತ್ತಾರೆ ಎಂಬ ಗಾದೆ ಇಸ್ರಯೇಲರಲ್ಲೂ ಇತ್ತು. ಪ್ರವಾದಿ ಯೆಜೆಕಿಯೇಲನ ಗ್ರಂಥದ 18ನೆಯ ಅಧ್ಯಾಯದಲ್ಲಿ ದೇವರು ಆ ಗಾದೆಯನ್ನೇ ನಿಲ್ಲಿಸಲು ಆಜ್ಞಾಪಿಸಿ, ಪ್ರತಿಯೊಬ್ಬನೂ ತನ್ನ ನಡತೆಗೆ ತಾನೇ ಉತ್ತರವಾದಿ ಎಂದು ತಿಳಿಸುತ್ತಾರೆ. ಸಂತ ಮತ್ತಾಯರು ಕೊಟ್ಟಿರುವ ಯೇಸುಸ್ವಾಮಿಯ ವಂಶಾವಳಿಯನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಧರ್ಮಿಷ್ಠ ಅರಸ ಹಿಜ್ಕೀಯನಿಗೆ ಹುಟ್ಟಿದವನು ನಿರಪರಾಧಿಗಳ ರಕ್ತ ಹರಿಸಿದ ಮನಸ್ಸೆ. ಮನಸ್ಸೆಯ ಮಗ ಆಮೋನನೂ ಕೆಟ್ಟವನೇ. ಆದರೆ ಆ ಆಮೋನನ ಮಗ ಯೋಷೀಯ ಜೂದ ನಾಡು ಕಂಡ ಅತ್ಯುತ್ತಮ ಅರಸರಲ್ಲಿ ಒಬ್ಬನು. ರಕ್ತ ಒಂದೇ, ಬದುಕು ಬೇರೆ. ಕೊಲೆ ಮತ್ತು ವ್ಯಭಿಚಾರ ಎರಡನ್ನೂ ಮಾಡಿದ ದಾವೀದನ ಸಂತತಿಯಲ್ಲಿಯೇ ಲೋಕೋದ್ಧಾರಕರು ಜನಿಸಿದರು.

ಕಾಯಿನನ ಕಥೆಯೂ ಹೀಗೆಯೇ. ತಮ್ಮನನ್ನು ಕೊಲ್ಲುವ ಮೊದಲು ಕಾಯಿನನ ಮುಖ ಸಿಟ್ಟಿನಿಂದ ಕಳೆಗುಂದಿದ್ದುದನ್ನು ದೇವರು ಕಂಡರು. ಸಿಟ್ಟು ಬಂದುದಕ್ಕಾಗಿ ಅವನನ್ನು ಶಪಿಸಲಿಲ್ಲ. ಪಾಪ ಬಾಗಿಲಲ್ಲಿ ಹೊಂಚುಹಾಕಿದೆ, ಅದನ್ನು ಅವನು ಅಂಕೆಯಲ್ಲಿ ಇಟ್ಟುಕೊಳ್ಳಬೇಕು ಎಂದು ಎಚ್ಚರಿಸಿದರು. ಆ ಎಚ್ಚರಿಕೆಯಲ್ಲಿ ಒಂದು ಗೌರವವಿದೆ. ಅಂಕೆಯಲ್ಲಿಡುವ ಶಕ್ತಿ ಇಲ್ಲದವನಿಗೆ ಯಾರೂ ಹಾಗೆ ಹೇಳುವುದಿಲ್ಲ.

ಕ್ಷಮೆಗೂ ಇದೇ ನೆಲೆ. ಹೊಣೆಯೇ ಇಲ್ಲದವನಿಗೆ ವಿನಾಯಿತಿ ಕೊಡಬಹುದು, ಕ್ಷಮೆ ಕೊಡಲಾಗದು. ಕ್ಷಮೆ ತಪ್ಪನ್ನು ಒಪ್ಪಿಕೊಂಡವನಿಗೆ ಸಿಗುವ ವರ. ಪ್ರಭು ಯೇಸುವಿನ ಪಕ್ಕದಲ್ಲಿ ಶಿಲುಬೆಗೇರಿದ್ದ ಕಳ್ಳ ತನ್ನ ಹುಟ್ಟನ್ನಾಗಲಿ ತಂದೆಯನ್ನಾಗಲಿ ದೂರಲಿಲ್ಲ. ತನಗಾದ ಶಿಕ್ಷೆ ನ್ಯಾಯವೆಂದು ಒಪ್ಪಿಕೊಂಡು, ತನ್ನನ್ನು ನೆನೆಯಬೇಕೆಂದು ಮಾತ್ರ ಬೇಡಿದನು. ಅಂದೇ ಅವನಿಗೆ ಪರಂಧಾಮದ ಬಾಗಿಲು ತೆರೆಯಿತು.

ಆದುದರಿಂದ ಮುಂದಿನ ಬಾರಿ ಮನೆಯಲ್ಲಿ ಇಂತಹ ಧಾರಾವಾಹಿಯನ್ನು ಮಕ್ಕಳೊಂದಿಗೆ ನೋಡುವಾಗ, ಕಂತು ಮುಗಿದ ಮೇಲೆ ಐದು ನಿಮಿಷ ಕುಳಿತು ಮಾತಾಡಿರಿ. ಆರೋಪಿಯ ಬಗ್ಗೆ ಮಾತ್ರವಲ್ಲ, ಹತರಾದವರ ಮನೆಯವರ ಬಗ್ಗೆಯೂ, ಆರೋಪಿಯ ಮಕ್ಕಳ ಬಗ್ಗೆಯೂ ಅವರು ಯೋಚಿಸಲಿ. ನಿಮ್ಮ ಮಗುವಿಗೆ ಸಿಟ್ಟು ಹೆಚ್ಚೆಂದು ಕಂಡರೆ ಅಜ್ಜನ ಹೆಸರು ಎತ್ತಬೇಡಿರಿ. ‘ನಿನಗೆ ಇದು ಕಷ್ಟ, ಆದರೆ ನಿನ್ನಿಂದ ಆಗುತ್ತದೆ, ನಾವು ಜೊತೆಗಿದ್ದೇವೆ’ ಎಂದು ಹೇಳಿರಿ. ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆ ಅರ್ಧ ನಿಜವಿದ್ದೀತು. ಆದರೆ ದೇವರ ಕೃಪೆ ಸುಡುವ ಕೆಲಸ ಮಾಡುವುದಿಲ್ಲ. ಅದು ಸ್ವಭಾವವನ್ನು ಇದ್ದಲ್ಲಿಂದಲೇ ತಿದ್ದಿ ಬೆಳೆಸುತ್ತದೆ. ಆ ಕೃಪೆಗೆ ಮೊದಲ ಸಾಕ್ಷಿಗಳಾಗಬೇಕಾದವರು ತಂದೆತಾಯಂದಿರು.